ರಾಗಿಗೂ ನೀರು ಕಟ್ಟುವ ಕಾಲ

ಬಯಲುಸೀಮೆಯ ರೈತನಿಗೆ ವರ್ಷವೆಂದರೆ ತಿಂಗಳುಗಳ ಲೆಕ್ಕವಲ್ಲ, ಮಳೆಗಳ ಲೆಕ್ಕ. ಅಶ್ವಿನಿ, ಭರಣಿಯಿಂದ ತೊಡಗಿ ಸ್ವಾತಿ, ವಿಶಾಖೆಯವರೆಗೆ ಒಂದೊಂದು ನಕ್ಷತ್ರಕ್ಕೂ ಒಂದೊಂದು ಮಳೆ, ಒಂದೊಂದು ಮಳೆಗೂ ಒಂದೊಂದು ಕೆಲಸ. ಭರಣಿ, ಕೃತ್ತಿಕೆಯಲ್ಲಿ ನೆಲ ನೆನೆದರೆ ಉಳುಮೆ. ಪುನರ್ವಸು, ಪುಷ್ಯದಲ್ಲಿ ಹದ ಸಿಕ್ಕಿದರೆ ರಾಗಿಯ ಬಿತ್ತನೆ. ಆಶ್ಲೇಷ, ಮಘೆಯಲ್ಲಿ ಎಡೆಕುಂಟೆ ಹೊಡೆದು ಕಳೆ ತೆಗೆಯುವುದು. ಹುಬ್ಬೆ, ಉತ್ತರೆ, ಹಸ್ತದ ಮಳೆಗೆ ತೆನೆ ಹೊರಟು ಕಾಳು ಕಟ್ಟುವುದು. ಸ್ವಾತಿ ಕಳೆದ ಮೇಲೆ ಮೋಡ ಸರಿದು ಬಿಸಿಲು ಬಿದ್ದರೆ ಕೊಯ್ಲು, ಮೆದೆ, ಕಣ. ತಲೆತಲಾಂತರದ ಅನುಭವದಿಂದ ಹುಟ್ಟಿದ ಈ ಪಂಚಾಂಗದಲ್ಲಿ ರಾಗಿಗೆ ನೀರು ಕಟ್ಟುವ ದಿನವೆಂಬುದೇ ಇಲ್ಲ. ಬತ್ತಕ್ಕೆ ಕೆರೆ, ಕಬ್ಬಿಗೆ ಬಾವಿ, ರಾಗಿಗೆ ಆಕಾಶ. ಇದು ಹಿರಿಯರು ಮಾಡಿಟ್ಟ ಏರ್ಪಾಡು.

ಆ ಏರ್ಪಾಡು ಈಗ ಅಲುಗಾಡುತ್ತಿದೆ. ಭೂಮಿಯ ಹವೆ ಬಿಸಿಯಾಗುತ್ತಿದೆ, ಮಳೆಯ ನಡೆ ಬದಲಾಗುತ್ತಿದೆ ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಧ್ರುವ ಪ್ರದೇಶದ ಹಿಮ ಕರಗುವ ಸುದ್ದಿಯನ್ನೂ ಓದುತ್ತೇವೆ. ಆದರೆ ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ದಾರಿಯಲ್ಲಿರುವ ಮಧುರೆಯಂಥ ಹೋಬಳಿಯ ಒಂದು ಎಕರೆ ರಾಗಿ ಹೊಲಕ್ಕೆ ಇದರಿಂದ ಆಗುವುದೇನು? ಎಷ್ಟು ನೀರು ಹೆಚ್ಚು ಬೇಕಾಗುತ್ತದೆ? ಅದನ್ನು ಎಲ್ಲಿಂದ ತರಬೇಕು? ಶನಿಮಹಾತ್ಮನ ಸನ್ನಿಧಿಯಿಂದಾಗಿ ನಾಡಿನ ಭಕ್ತರಿಗೆ ಪರಿಚಿತವಾದ ಈ ಸೀಮೆ ಮೂಲತಃ ಕೆಮ್ಮಣ್ಣಿನ ಬೇಸಾಯದ ಸೀಮೆ. ಹವಾಗುಣದ ದೊಡ್ಡ ಪ್ರಶ್ನೆಯನ್ನು ಇಲ್ಲಿಯ ಅಳತೆಗೆ ಇಳಿಸಿ ನೋಡುವುದೇ ಈ ಲೇಖನದ ಉದ್ದೇಶ.

ರಾಗಿ ಕುಡಿಯುವ ನೀರೆಷ್ಟು?

ಪೈರು ಎರಡು ದಾರಿಯಲ್ಲಿ ನೀರನ್ನು ಕಳೆದುಕೊಳ್ಳುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗುವುದು ಒಂದು, ಬೇರಿನ ಸುತ್ತಲ ಮಣ್ಣಿನಿಂದ ನೇರವಾಗಿ ಆರಿ ಹೋಗುವುದು ಇನ್ನೊಂದು. ಇವೆರಡೂ ಸೇರಿ ನಮ್ಮ ಪ್ರಸ್ಥಭೂಮಿಯ ಮುಂಗಾರಿನಲ್ಲಿ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್. ಬಿತ್ತನೆಯಿಂದ ಕೊಯ್ಲಿನವರೆಗೆ ರಾಗಿಗೆ ಬೇಕಾಗುವುದು ಸುಮಾರು 400 ಮಿಲಿಮೀಟರ್ ನೀರು. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವ ಬತ್ತಕ್ಕೆ, ಇಂಗಿ ಹೋಗುವುದನ್ನೂ ಸೇರಿಸಿ, ಸುಮಾರು 1,200 ಮಿಲಿಮೀಟರ್. ಜೋಳದ ಜಾತಿಗಳೂ ಮುಸುಕಿನ ಜೋಳವೂ ಇವೆರಡರ ನಡುವೆ, ಆದರೆ ರಾಗಿಯ ಹತ್ತಿರಕ್ಕೆ ಬರುತ್ತವೆ.

ದೊಡ್ಡಬಳ್ಳಾಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ರಾಗಿ ಕೇಳುವುದು ಅದರ ಅರ್ಧ. ಹಾಗಿದ್ದ ಮೇಲೆ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಚಿಂತೆ ಇರುವುದು ಮಳೆಯ ಮೊತ್ತದಲ್ಲಲ್ಲ, ಮಣ್ಣಿನ ಹೊಟ್ಟೆಯಲ್ಲಿ. ಇಲ್ಲಿಯ ಕೆಂಪು ಮರಳು ಮಿಶ್ರಿತ ಮಣ್ಣು ಕರಿಯ ಎರೆಮಣ್ಣಿನಂತೆ ನೀರನ್ನು ಹಿಡಿದಿಡುವುದಿಲ್ಲ. ರಾಗಿಯ ಬೇರು ಮುಟ್ಟುವಷ್ಟು ಆಳದಲ್ಲಿ ಪೈರಿಗೆ ದಕ್ಕುವ ನೀರು ಸುಮಾರು 60 ಮಿಲಿಮೀಟರ್ ಇದ್ದರೆ ಹೆಚ್ಚು. ದಿನಕ್ಕೆ 4ರಿಂದ 5 ಮಿಲಿಮೀಟರ್ ಖರ್ಚಾದರೆ ಈ ಗಂಟು ಹನ್ನೆರಡರಿಂದ ಹದಿನೈದು ದಿನಕ್ಕೆ ಕರಗುತ್ತದೆ. ಆಮೇಲೆ ಮಳೆ ಬರಲೇಬೇಕು. ಇಲ್ಲವೇ ಯಾರಾದರೂ ನೀರು ಕೊಡಬೇಕು. ಹದಿನೈದು ದಿನಕ್ಕೊಂದು ಮಳೆ ಎಂಬ ನಕ್ಷತ್ರಗಳ ಲೆಕ್ಕಕ್ಕೂ ಈ ಮಣ್ಣಿನ ಲೆಕ್ಕಕ್ಕೂ ಇರುವ ಹೊಂದಿಕೆಯನ್ನು ನೋಡಿದರೆ ಹಿರಿಯರು ರಾಗಿಯನ್ನು ಈ ನೆಲಕ್ಕೆ ಆರಿಸಿಕೊಂಡದ್ದು ಅದೃಷ್ಟವಶದಿಂದಲ್ಲವೆಂದು ತಿಳಿಯುತ್ತದೆ.

ರಾಗಿಯ ಸಹನೆಯೂ ದೊಡ್ಡದು. ಎಳೆಯ ಪೈರು ಬಾಡಿ ಸತ್ತಂತೆ ಕಂಡರೂ ಒಂದು ಹದ ಮಳೆಯಾದರೆ ಮತ್ತೆ ಚಿಗುರಿ ತೆಂಡೆ ಒಡೆಯುತ್ತದೆ. ಆದರೆ ಈ ಸಹನೆಗೊಂದು ಎಲ್ಲೆಯುಂಟು. ಹೊಡೆ ಬಿಚ್ಚಿ ಹೂವಾಡುವಾಗ, ಕಾಳು ಹಾಲು ತುಂಬುವಾಗ ನೀರು ತಪ್ಪಿದರೆ ಅದು ಕ್ಷಮಿಸುವುದಿಲ್ಲ. ತೆನೆ ನಿಲ್ಲುತ್ತದೆ, ಕಾಳು ಜಳ್ಳಾಗುತ್ತದೆ. ಜುಲೈ ನಡುವಿನಲ್ಲಿ ಬಿತ್ತಿದ ರಾಗಿಗೆ ಈ ಗಂಡಾಂತರದ ದಿನಗಳು ಬರುವುದು ಉತ್ತರೆ, ಹಸ್ತ ಮಳೆಯ ಕಾಲದಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ.

ಹವೆ ಬಿಸಿಯಾದರೆ ಪೈರಿಗೇನು?

ಭಾರತ ಸರ್ಕಾರದ ಭೂವಿಜ್ಞಾನಗಳ ಮಂತ್ರಾಲಯ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಜಗತ್ತಿನ ಏರಿಕೆ ಇದಕ್ಕಿಂತ ಹೆಚ್ಚು. ಹವೆ ಬಿಸಿಯಾದಷ್ಟೂ ಅದರ ಬಾಯಾರಿಕೆ ಹೆಚ್ಚುತ್ತದೆ. ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಶೇಕಡಾ 7ರಷ್ಟು ಹೆಚ್ಚುತ್ತದೆ. ಪೈರಿನಿಂದಲೂ ಮಣ್ಣಿನಿಂದಲೂ ಅದು ಎಳೆದುಕೊಳ್ಳುವ ನೀರು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಬಿಸಿಲು, ಗಾಳಿಯ ವೇಗ ಇವುಗಳ ಪಾತ್ರವೂ ಇರುವುದರಿಂದ ಏರಿಕೆ ಸಾಮಾನ್ಯವಾಗಿ ಶೇಕಡಾ 2ರಿಂದ 4ರೊಳಗೆ ನಿಲ್ಲುತ್ತದೆ.

ಇದಕ್ಕೆ ಎದುರಾಗಿ ಎಳೆಯುವ ಎರಡು ಸಂಗತಿಗಳುಂಟು. ಮೊದಲನೆಯದು, ಬಿಸಿಯಲ್ಲಿ ಪೈರು ಬೇಗ ಮಾಗುತ್ತದೆ. ಹೊಲದಲ್ಲಿ ನಿಲ್ಲುವ ದಿನ ಕಡಿಮೆಯಾದುದರಿಂದ ನೀರಿನ ಖರ್ಚೂ ತುಸು ಕಡಿಮೆ. ಆದರೆ ಕಾಳು ತುಂಬಲು ಸಿಗುವ ಕಾಲವೂ ಕಡಿಮೆಯಾಗುವುದರಿಂದ ಈ ಉಳಿತಾಯ ನಷ್ಟದ ಉಳಿತಾಯ. ಎರಡನೆಯದು, ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈ ಆಕ್ಸೈಡ್. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳೆಯತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 315 ಪಾಲು ಇದ್ದಿತು. ಈಗ 420ನ್ನು ದಾಟಿದೆ. ಇದು ಹೆಚ್ಚಿದಾಗ ಎಲೆಯ ರಂಧ್ರಗಳು ಅಷ್ಟು ಅಗಲವಾಗಿ ತೆರೆಯಬೇಕಾಗಿಲ್ಲ. ನೀರಿನ ಸೋರಿಕೆ ತಗ್ಗುತ್ತದೆ. ಬತ್ತ, ಗೋಧಿಗಳಿಗೆ ಇದರಿಂದ ಬೆಳವಣಿಗೆಯೂ ತುಸು ಹೆಚ್ಚುತ್ತದೆ. ರಾಗಿ, ಜೋಳ, ಮುಸುಕಿನ ಜೋಳಗಳು ಮೊದಲೇ ಈ ವಾಯುವನ್ನು ಮಿತವ್ಯಯದಿಂದ ಬಳಸುವ ಜಾತಿಗೆ ಸೇರಿದವು. ಅವುಗಳಿಗೆ ಲಾಭ ಕಾಣುವುದು ಬರಗಾಲದಲ್ಲಿ ಮಾತ್ರ.

ಈ ಎಳೆದಾಟದಲ್ಲಿ ಕೊನೆಗೆ ಗೆಲ್ಲುವುದು ಯಾವುದು? ಜರ್ಮನಿಯ ವಿಜ್ಞಾನಿ ಪೆಟ್ರಾ ಡೋಲ್ ಅವರು 2002ರಲ್ಲಿ ಹವೆಯ ಬಿಸಿ ಮತ್ತು ಮಳೆಗಳ ಬದಲಾವಣೆಯನ್ನು ಹಿಡಿದು ಜಗತ್ತಿನ ನೀರಾವರಿ ಭೂಮಿಯನ್ನೆಲ್ಲ ಲೆಕ್ಕ ಹಾಕಿ ನೋಡಿದರು. 1995ರಲ್ಲಿ ನೀರಾವರಿಗೆ ಒಳಪಟ್ಟಿದ್ದ ಪ್ರದೇಶದ ಮೂರರಲ್ಲಿ ಎರಡು ಪಾಲಿನಲ್ಲಿ ಮುಂದೆ ನೀರಿನ ಬೇಡಿಕೆ ಹೆಚ್ಚುವುದೆಂದು ಅವರ ಲೆಕ್ಕ ಹೇಳಿತು. ಬತ್ತಕ್ಕೆ ಬಿಸಿಯ ಪೆಟ್ಟು ಬೇರೆ ದಾರಿಯಲ್ಲೂ ಬೀಳುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯ ಹೊಲಗಳ ಅನುಭವದಿಂದ 2004ರಲ್ಲಿ ತಿಳಿದುಬಂದಂತೆ, ಬೇಸಿಗೆ ಬೆಳೆಯ ಕಾಲದ ರಾತ್ರಿಯ ಉಷ್ಣತೆ ಒಂದು ಡಿಗ್ರಿ ಏರಿದಾಗ ಇಳುವರಿ ಸುಮಾರು ಹತ್ತರಲ್ಲೊಂದು ಪಾಲು ತಗ್ಗಿದ್ದಿತು.

ಈಗ ಮಧುರೆಯ ಹೊಲಕ್ಕೆ ಹಿಂತಿರುಗೋಣ. ರಾಗಿಯ 400 ಮಿಲಿಮೀಟರಿಗೆ ಶೇಕಡಾ 3 ಸೇರಿಸಿದರೆ ಇಡೀ ಬೆಳೆಗೆ ಹೆಚ್ಚಾಗಿ ಬೇಕಾಗುವುದು 12 ಮಿಲಿಮೀಟರ್ ನೀರು. ಮೂರು ದಿನದ ಖರ್ಚು! ಇಷ್ಟಕ್ಕೇ ಆದರೆ ರಾಗಿ ಬೆದರುವುದಿಲ್ಲ. ನಿಜವಾದ ಅಪಾಯ ಅಡಗಿರುವುದು ಮಳೆಯ ಬಿಡುವಿನಲ್ಲಿ.

ಸರಾಸರಿಯೆಂಬ ಮರೆ

ಹೆಚ್ಚು ತೇವ ಹಿಡಿಯಬಲ್ಲ ಗಾಳಿ, ಸುರಿಯುವಾಗ ಹೆಚ್ಚು ಸುರಿಯುತ್ತದೆ. ಮೂರು ದಿನ ಜಿನುಗಬೇಕಾದ ಮಳೆ ಮೂರು ಗಂಟೆಯಲ್ಲಿ ಹೊಯ್ದು ಹೋಗುತ್ತದೆ. ಬೇರಿನ ಆಳದಲ್ಲಿ ದಕ್ಕುವಷ್ಟು ನೀರು ನಿಂತು, ಉಳಿದುದು ಮೇಲುಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಎರಡು ಮಳೆಗಳ ನಡುವಿನ ಬಿಡುವು ಹದಿನೈದು ದಿನಕ್ಕೆ ಬದಲಾಗಿ ಇಪ್ಪತ್ತೈದು ದಿನವಾಗುತ್ತದೆ. ವರ್ಷದ ಕೊನೆಗೆ ಮಳೆಯ ಲೆಕ್ಕ ತೆಗೆದರೆ ಮೊತ್ತ ಸರಿಯಾಗಿಯೇ ಇರುತ್ತದೆ. ಕಣದಲ್ಲಿ ಮಾತ್ರ ರಾಗಿ ಇರುವುದಿಲ್ಲ.

ಇತ್ತೀಚಿನ ವರ್ಷಗಳೇ ಇದಕ್ಕೆ ಸಾಕ್ಷಿ. 2021ರ ನವೆಂಬರಿನಲ್ಲಿ, ಬಿಸಿಲು ಬೇಕಾದ ಕೊಯ್ಲಿನ ಹೊತ್ತಿನಲ್ಲಿ, ದಿನಗಟ್ಟಲೆ ಮಳೆ ಹಿಡಿಯಿತು. ಬೆಂಗಳೂರಿನ ಸುತ್ತಲ ಜಿಲ್ಲೆಗಳಲ್ಲಿ ಮಾಗಿ ನಿಂತಿದ್ದ ರಾಗಿ ಹೊಲದಲ್ಲಿಯೇ ಮಲಗಿತು. ತೆನೆಯಲ್ಲಿದ್ದ ಕಾಳು ಮೊಳೆಯಿತು. ಎರಡೇ ವರ್ಷಗಳ ಮೇಲೆ, 2023ರಲ್ಲಿ, ಆಗಸ್ಟ್ ತಿಂಗಳು ಒಣಗಿಹೋಯಿತು. 1901ರಿಂದೀಚೆಗೆ ಇಡೀ ದೇಶದಲ್ಲಿ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇರಲಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ್ದುದು ಅದೇ 2023ನ್ನು. ರಾಗಿಯ ಗುಣಗಾನ ಜಗತ್ತಿನಲ್ಲೆಲ್ಲ ನಡೆಯುತ್ತಿದ್ದಾಗ ರಾಗಿಯ ಸ್ವಂತ ಸೀಮೆಯಲ್ಲಿ ಪೈರು ಬಾಡುತ್ತಿದ್ದಿತು.

ಆದುದರಿಂದ ಹವಾಗುಣದ ಬದಲಾವಣೆ ರಾಗಿಯನ್ನು ಬತ್ತದಂತೆ ನೀರಾವರಿ ಬೆಳೆಯನ್ನಾಗಿ ಮಾಡುತ್ತಿಲ್ಲ. ಅದು ಕೇಳುತ್ತಿರುವುದು ಇಡೀ ಬೆಳೆಗೆ ನೀರನ್ನಲ್ಲ. ಒಂದು, ಹೆಚ್ಚೆಂದರೆ ಎರಡು ಸಲದ ನೀರನ್ನು. ಆದರೆ ಅದನ್ನು ಕೇಳಿದ ವಾರದಲ್ಲಿಯೇ ಕೊಡಬೇಕು.

ಒಂದು ನೀರಿನ ಬೆಲೆ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರು. ಹತ್ತು ಹನ್ನೆರಡು ದಿನ ಪೈರನ್ನು ಉಳಿಸಬಲ್ಲ 50 ಮಿಲಿಮೀಟರ್ ನೀರೆಂದರೆ 2 ಲಕ್ಷ ಲೀಟರು. ಗಂಟೆಗೆ 5,000 ಲೀಟರು ಎತ್ತುವ ಕೊಳವೆ ಬಾವಿಯೊಂದು ಇಷ್ಟನ್ನು ಕೊಡಲು 40 ಗಂಟೆ ನಡೆಯಬೇಕು. ದಿನಕ್ಕೆ 7 ಗಂಟೆ ವಿದ್ಯುತ್ತು ದೊರೆತರೂ ಒಂದು ಎಕರೆಗೆ ಆರು ದಿನ. ಮೂರು ಎಕರೆಯಿದ್ದವನ ಕೊನೆಯ ಮಡಿಗೆ ನೀರು ಮುಟ್ಟುವ ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ.

ಇನ್ನು ಆ ಕೊಳವೆ ಬಾವಿಗಳ ಸ್ಥಿತಿಯಾದರೂ ಏನು? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರೀಯ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಗೆ ಸೇರಿಸಿದೆ. ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು ಎಂದರ್ಥ. ಸಾವಿರ ಅಡಿ ಕೊರೆದರೂ ಧೂಳೇ ಹಾರಿದ ಉದಾಹರಣೆಗಳು ಈ ಸೀಮೆಯಲ್ಲಿ ಹೊಸವಲ್ಲ. ದೊರೆತ ಅಲ್ಪ ನೀರು ಸ್ವಾಭಾವಿಕವಾಗಿಯೇ ಹೆಚ್ಚು ಹಣ ತರುವ ಹೂವು, ದ್ರಾಕ್ಷಿ, ತರಕಾರಿಗಳಿಗೆ, ಹಸುಗಳ ಹಸಿ ಮೇವಿಗೆ ಹೋಗುತ್ತದೆ. ಅದಕ್ಕಾಗಿ ರೈತನನ್ನು ದೂರುವಂತಿಲ್ಲ. ಹಾಲಿನ ದುಡ್ಡು ವಾರವಾರಕ್ಕೂ ಮನೆಗೆ ಬರುತ್ತದೆ. ರಾಗಿಯದು ವರ್ಷಕ್ಕೊಂದು ಸಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದುದು ದೊಡ್ಡ ಆಸರೆಯೇ ಸರಿ. ಆದರೆ ಬೆಲೆ ಎಷ್ಟಿದ್ದರೂ ಜಳ್ಳು ತೂಗುವುದಿಲ್ಲ.

ಕೆರೆ ಒಣಗಿದುದು ಯಾರಿಂದ?

ಇಂಥ ಹೊತ್ತಿಗೆಂದೇ ಹಿಂದಿನವರು ಕೆರೆ ಕಟ್ಟಿದ್ದರು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳ ಸರಪಣಿಯನ್ನು ತುಂಬುತ್ತ ಹೆಸರಘಟ್ಟದ ಕಡೆಗೆ ಇಳಿಯುತ್ತಿದ್ದಿತು. ಒಂದು ಕೆರೆಯ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು. ತೂಬಿನ ಕೀಲಿ ನೀರಗಂಟಿಯ ಕೈಯಲ್ಲಿ. ಅಚ್ಚುಕಟ್ಟಿನ ಬತ್ತಕ್ಕೆ ನೇರವಾಗಿಯೂ, ಊರ ಬಾವಿಗಳಿಗೆ ಇಂಗಿಯೂ ಆ ನೀರು ಒದಗುತ್ತಿದ್ದಿತು. ಏತ, ಕಪಿಲೆ ಹೂಡಿ ಎತ್ತಬಹುದಾದಷ್ಟು ಮೇಲೆಯೇ ನೀರಿದ್ದ ಕಾಲವದು. ಈ ನದಿಯ ಧಾರಾಳವನ್ನು ನಂಬಿಯೇ 1894ರಲ್ಲಿ ಹೆಸರಘಟ್ಟದ ಕಟ್ಟೆಯೂ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಬೆಂಗಳೂರು ನಗರದ ಕುಡಿಯುವ ನೀರಿಗಾಗಿ ಸಿದ್ಧವಾದುವು.

ಆ ನದಿ ಈಗ ಹೆಸರಿಗೆ ಮಾತ್ರ ನದಿ. 1970ರ ದಶಕದಿಂದೀಚೆಗೆ ತಿಪ್ಪಗೊಂಡನಹಳ್ಳಿಗೆ ಹರಿದುಬರುವ ನೀರು ಬಹುಪಾಲು ಕುಸಿದಿದೆ. ಇದೂ ಹವಾಗುಣದ ಮಹಿಮೆಯೇ ಎಂದು ಹೇಳಿ ಕೈಮುಗಿಯುವುದು ಸುಲಭ. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಅರ್ಕಾವತಿಯ ಕಣಿವೆಯನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತು ಹೇಳಿತು. ಮಳೆ ಕಡಿಮೆಯಾದುದರಿಂದಾಗಲಿ ಬಿಸಿ ಹೆಚ್ಚಿದುದರಿಂದಾಗಲಿ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗದು. ಮುಖ್ಯ ಕಾರಣಗಳು ಮಿತಿಮೀರಿ ಎತ್ತಿದ ಅಂತರ್ಜಲ ಮತ್ತು ಹೊಲಗಳಲ್ಲಿ ಹಬ್ಬಿದ ನೀಲಗಿರಿ ತೋಪುಗಳು ಎಂಬುದು ಅದರ ಸಾರ. ಬಾವಿಗಳು ನೆಲದಡಿಯ ನೀರನ್ನು ಕೆಳಕ್ಕೆಳೆದುವು. ಹಳ್ಳಕ್ಕೆ ಒಸರುತ್ತಿದ್ದ ಊಟೆ ನಿಂತಿತು. ರಾಗಿ ನೂರಿಪ್ಪತ್ತು ದಿನ ನೀರು ಕುಡಿದು ಕೊಯ್ಲಾಗುತ್ತದೆ. ನೀಲಗಿರಿ ವರ್ಷವಿಡೀ ಆಳಕ್ಕೆ ಬೇರಿಳಿಸಿ ಕುಡಿಯುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಾಗಿಗೆ ಒಂದು ಸಲದ ನೀರು ಬೇಕಾಗುವಂತೆ ಮಾಡುತ್ತಿರುವುದು ಲೋಕವೆಲ್ಲ ಸೇರಿ ಕೆಡಿಸಿದ ಹವೆ. ಆ ನೀರು ಸಿಗದಂತೆ ಮಾಡಿರುವುದು ನಾವೇ ಬರಿದು ಮಾಡಿದ ನೆಲ. ಮೊದಲನೆಯದು ನಮ್ಮ ಒಂದು ಹೋಬಳಿಯ ಕೈಯಲ್ಲಿಲ್ಲ. ಎರಡನೆಯದು ಬಹುಮಟ್ಟಿಗೆ ಉಂಟು.

ಉಪಾಯವೇನು?

ಮೊದಲ ಉಪಾಯ ಬೀಜದಲ್ಲಿದೆ. ರಾಗಿಯ ತಳಿ ಸುಧಾರಣೆಯಲ್ಲಿ ಕರ್ನಾಟಕದ ಹೆಸರು ದೊಡ್ಡದು. ‘ರಾಗಿ ಬ್ರಹ್ಮ’ನೆಂದೇ ಪ್ರಸಿದ್ಧರಾದ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಜಿ.ಪಿ.ಯು.-28 ಬೆಂಕಿ ರೋಗವನ್ನು ತಡೆದು ಸುಮಾರು 110-115 ದಿನಕ್ಕೆ ಬರುತ್ತದೆ. ಎಂ.ಎಲ್.-365 ಬರವನ್ನು ತಾಳಿಕೊಳ್ಳುವುದಕ್ಕೆ ಹೆಸರಾದುದು. ಮಳೆ ತಡವಾಗಿ ಬಿತ್ತನೆ ಆಗಸ್ಟಿಗೆ ಸರಿದರೆ ಇಂಡಾಫ್-9, ಜಿ.ಪಿ.ಯು.-48ರಂಥ ಅಲ್ಪಾವಧಿಯ ತಳಿಗಳುಂಟು. ಪುನರ್ವಸುವಿಗೆ ಬಿತ್ತುವ ಬೀಜವೇ ಮಘೆಗೂ ಸಲ್ಲುವುದೆಂಬ ನಂಬಿಕೆ ಇನ್ನು ನಡೆಯದು. ಮಳೆ ಬಂದ ದಿನವನ್ನು ನೋಡಿ ಬೀಜವನ್ನು ಆರಿಸಬೇಕು. ಇದಕ್ಕೆ ಬೇಕಾದ ಸಲಹೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೇ ದೊರೆಯುತ್ತದೆ.

ಎರಡನೆಯ ಉಪಾಯ ಮಣ್ಣಿನಲ್ಲಿದೆ. ಇಳಿಜಾರಿಗೆ ಅಡ್ಡಲಾಗಿ ಉತ್ತು, ಬದು ಭದ್ರಪಡಿಸಿ, ಕೊಟ್ಟಿಗೆ ಗೊಬ್ಬರವನ್ನೂ ಕೆರೆಗೋಡನ್ನೂ ಹೊಲಕ್ಕೆ ಹೊಡೆದರೆ ಮಣ್ಣಿನ ಹೊಟ್ಟೆ ದೊಡ್ಡದಾಗುತ್ತದೆ. ಐದೇ ದಿನದ ನೀರು ಹೆಚ್ಚಾಗಿ ನಿಂತರೂ ಎಷ್ಟೋ ವರ್ಷಗಳ ಬೆಳೆ ಉಳಿಯುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನಿಟ್ಟರೆ, ರಾಗಿ ಕೈಕೊಟ್ಟ ವರ್ಷವೂ ಆಳದ ಬೇರಿನ ತೊಗರಿ ಏನನ್ನಾದರೂ ಕೊಡುತ್ತದೆ. ಅಕ್ಕಡಿ ಸಾಲಿನ ಹಳೆಯ ವಿವೇಕವೇ ಇದು.

ಮೂರನೆಯದು ಕೃಷಿ ಹೊಂಡ. ರಾಜ್ಯದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಇದಕ್ಕೆ ನೆರವು ಕೊಡತೊಡಗಿತು. ಮೇಲೆ ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳ, ಒಳಮುಖವಾಗಿ ಇಳಿಜಾರಾದ ದಡ, ಇಂಥ ಹೊಂಡದಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರು ನಿಲ್ಲುತ್ತದೆ. ಅದು ನುಂಗುವ ನೆಲ ಎಕರೆಯ ನಲವತ್ತರಲ್ಲೊಂದು ಪಾಲು. ಅರುವತ್ತು ಮಿಲಿಮೀಟರಿನ ಒಂದು ಬಿರುಮಳೆ ಎಕರೆಯ ಮೇಲೆ ಸುರಿಯುವುದು ಸುಮಾರು 2 ಲಕ್ಷ 40 ಸಾವಿರ ಲೀಟರು. ಅದರಲ್ಲಿ ಮೂರರಲ್ಲೊಂದು ಪಾಲು ಹರಿದು ಬಂದರೂ ಇಂಥ ಎರಡು ಮಳೆಗೆ ಹೊಂಡ ತುಂಬುತ್ತದೆ. ಬೆಳೆಯನ್ನು ಕೊಚ್ಚುವ ಮಳೆಯನ್ನೇ ಹಿಡಿದಿಟ್ಟು, ಬೆಳೆ ಬಾಡುವ ವಾರಕ್ಕೆ ಹಿಂದಿರುಗಿಸುವ ಉಪಾಯ ಇದು. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗದಂತೆ ತಳಕ್ಕೆ ಹಾಳೆ ಹಾಸುವುದು ಅಗತ್ಯ.

ನಾಲ್ಕನೆಯದು ಕೆರೆ. ಅದು ಒಬ್ಬೊಬ್ಬರ ಕೆಲಸವಲ್ಲ, ಊರಿನ ಕೆಲಸ. ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆಯ ನೀರನ್ನು ಈ ಸೀಮೆ ಬಹುಕಾಲದಿಂದ ಕಾಯುತ್ತಿದೆ. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಹೊರಗಿನ ನೀರು ಬಂದಾಗ ಬರಲಿ. ಕೆರೆಗೆ ಬರುವ ಕಾಲುವೆಗಳನ್ನು ಬಿಡಿಸಿ, ಹೂಳು ತೆಗೆದು, ಇದ್ದ ನೀರನ್ನು ಹೇಗೆ ಹಂಚಬೇಕೆಂಬುದನ್ನು ಈಗಲೇ ಯೋಚಿಸಬಹುದು. ಒಂದು ಲೆಕ್ಕ ನೋಡಿ. ಕೆರೆಯಲ್ಲಿ ಹತ್ತು ಲಕ್ಷ ಘನ ಅಡಿ ನೀರಿದೆಯೆನ್ನೋಣ. ಅದು 283 ಲಕ್ಷ ಲೀಟರು. ಬೇಸಿಗೆಯಲ್ಲಿ ಅದರಿಂದ ಬತ್ತ ಬೆಳೆದರೆ ಆರು ಎಕರೆಗೆ ಸಾಲುತ್ತದೆ. ಉತ್ತರೆ ತಪ್ಪಿದ ವಾರದಲ್ಲಿ ರಾಗಿಗೆ ಒಂದು ನೀರು ಕೊಟ್ಟರೆ, ದಾರಿಯಲ್ಲಿ ಸೋರುವುದನ್ನು ಬಿಟ್ಟು ಹೇಳುವುದಾದರೆ, ನೂರನಲವತ್ತು ಎಕರೆಯನ್ನು ಉಳಿಸುತ್ತದೆ. ಹಿಂದೆ ರಾಗಿಗೆ ಕೆರೆಯ ನೀರಿನಲ್ಲಿ ಪಾಲಿರಲಿಲ್ಲ, ಏಕೆಂದರೆ ಅದು ಕೇಳುತ್ತಿರಲಿಲ್ಲ. ಈಗ ಕೇಳುತ್ತಿದೆ.

ಆ ಪಾಲನ್ನು ಗೊತ್ತುಮಾಡುವುದು ಸಣ್ಣ ಜಗಳದ ಮಾತಲ್ಲ. ಹೂವಿನ ತೋಟದವನೂ ಹಸು ಕಟ್ಟಿದವನೂ ನಿವೇಶನ ಕೊಂಡವನೂ ಇರುವ ಊರಿನಲ್ಲಿ, ಎರಡು ಎಕರೆ ಹೊಲದವನ ರಾಗಿಗೆ ವರ್ಷಕ್ಕೆ ಒಂದು ಸಲದ ನೀರು ಮೀಸಲು ಎಂದು ಎಲ್ಲರೂ ಒಪ್ಪಬೇಕಾಗುತ್ತದೆ. ನೀರಗಂಟಿಯ ಕೈಯಲ್ಲಿ ತೂಬಿನ ಕೀಲಿಯಿದ್ದ ಕಾಲದಲ್ಲಿ ಊರು ಇಂಥ ತೀರ್ಮಾನಗಳನ್ನು ಮಾಡುತ್ತಿದ್ದಿತು. ಈಗ ಗ್ರಾಮ ಪಂಚಾಯಿತಿ ಮಾಡಬೇಕು. ತೀರ್ಮಾನವನ್ನು ಸೆಪ್ಟೆಂಬರಿನಲ್ಲಿ, ಪೈರು ಬಾಡಿದ ಮೇಲೆ ಮಾಡಲಾಗದು; ಮೊದಲ ಉಳುಮೆಗೆ ಮುನ್ನ ಭರಣಿ ಮಳೆಯ ಹೊತ್ತಿಗೇ ಆಗಿರಬೇಕು. ಉತ್ತರೆ ಮಳೆ ಬಂದರೆ ಸಂತೋಷ, ಕೆರೆಯ ನೀರು ಕೆರೆಯಲ್ಲಿಯೇ ಇರುತ್ತದೆ. ಬಾರದಿದ್ದರೆ ತೂಬು ತೆರೆಯಲು ಯಾರನ್ನೂ ಕೇಳಬೇಕಾಗಿರುವುದಿಲ್ಲ.